ಹಿತ್ತಲಲ್ಲಿ ಅಪ್ಪ-ಅಮ್ಮನಿಗೊಂದು ಮನೆ: 60 ಚದರ ಮೀಟರಿನ ಲೆಕ್ಕ

ಪ್ರಶ್ನೆ: ನಾವು ಸಿಡ್ನಿಯ ಪಶ್ಚಿಮ ಭಾಗದಲ್ಲಿದ್ದೇವೆ. ನಿವೇಶನ 557 ಚದರ ಮೀಟರ್, ಅದರಲ್ಲಿ ಹಳೆಯದೊಂದು ಮನೆ, ಹಿಂದೆ ಖಾಲಿ ಹಿತ್ತಲು. ಊರಿನಿಂದ ಬಂದು ಹೋಗುವ ಅಪ್ಪ-ಅಮ್ಮನಿಗಾಗಿ ಅಲ್ಲಿ ಗ್ರ್ಯಾನಿ ಫ್ಲ್ಯಾಟ್, ಅಂದರೆ ಹಿತ್ತಲಿನ ಪುಟ್ಟ ಮನೆ, ಕಟ್ಟಿಸಬೇಕೆಂದಿದ್ದೇವೆ. ಎರಡು ಮಲಗುವ ಕೋಣೆ ಹಿಡಿಸುತ್ತವೆಯೇ? ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅಲೆಯದೆ ಅನುಮತಿ ಸಿಗುತ್ತದೆಯೇ?

ಎರಡಕ್ಕೂ ಉತ್ತರ ಹೌದು. ಆದರೆ ಈ ಪ್ರಶ್ನೆ ಕೇಳುವವರೆಲ್ಲ ಒಂದೇ ಕಡೆ ಎಡವುತ್ತಾರೆ. ಇಂಥ ಮನೆಗೆ ನಿಯಮ ಹಾಕಿರುವ 60 ಚದರ ಮೀಟರ್ ಎಂಬ ಮಿತಿಯನ್ನು ಹಿಡಿದುಕೊಂಡು, ಅದರೊಳಗೆ ಏನೇನು ತುರುಕಬಹುದು ಎಂದು ಬಿಲ್ಡರುಗಳ ಬಣ್ಣದ ಪುಸ್ತಿಕೆ ನೋಡುತ್ತ ಕೂರುತ್ತಾರೆ. ನಕ್ಷೆ ಬರೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನಾನು ಹೇಳುವುದಿಷ್ಟು: ಮೊದಲು ಬಿಡಬೇಕಾದ ಜಾಗವನ್ನು ಬಿಡಿ. ಉಳಿದದ್ದೇ ಮನೆ.

ನ್ಯೂ ಸೌತ್ ವೇಲ್ಸ್ ರಾಜ್ಯದ ನಿಯಮದಲ್ಲಿ ಇದರ ಹೆಸರು ಎರಡನೆಯ ವಾಸದ ಮನೆ. ಅಜ್ಜಿಯ ಪ್ರಸ್ತಾಪವೇ ಅಲ್ಲಿಲ್ಲ. 2009ರ ರಾಜ್ಯ ನೀತಿಯೊಂದು ಇದನ್ನು ಸುಲಭ ಮಾಡಿತು, 2021ರ ವಸತಿ ನೀತಿ ಅದನ್ನೇ ಮುಂದುವರಿಸಿತು. ವಸತಿ ವಲಯದ ನಿವೇಶನ ಕನಿಷ್ಠ 450 ಚದರ ಮೀಟರ್ ಇದ್ದು, ನಿಗದಿಯಾದ ಅಳತೆಗಳೆಲ್ಲ ಕೂಡಿಬಂದರೆ ‘ಕಂಪ್ಲೈಯಿಂಗ್ ಡೆವಲಪ್‌ಮೆಂಟ್’ ಎಂಬ ದಾರಿಯಲ್ಲಿ ನಕ್ಷೆ ನಿಯಮಕ್ಕೆ ಒಪ್ಪುತ್ತದೆಯೇ ಎಂದು ಪರಿಶೀಲಿಸುವ ಖಾಸಗಿ ಸರ್ಟಿಫೈಯರ್ ಒಬ್ಬರೇ ಅನುಮತಿ ಕೊಡಬಹುದು. 450 ಎಂದರೆ ಎಷ್ಟು ಎಂದು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬೆಂಗಳೂರಿನ 40×60 ಸೈಟು ಎರಡನ್ನು ಜೋಡಿಸಿ, ಮೇಲೆ ಒಂದು ಹಾಸಿಗೆಯ ಜಾಗ ಸೇರಿಸಿದಷ್ಟು. ನಿಮ್ಮದು 557. ಅಂದರೆ 50 ಅಡಿಗೆ 120 ಅಡಿ, ಸಿಡ್ನಿಯ ಹಳೆಯ ಬಡಾವಣೆಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ ಅಳತೆ.

ಈಗ ಬಿಡುವ ಲೆಕ್ಕ. ಉದ್ದ 36.5 ಮೀಟರ್. ಮುಂದಿನ ಮನೆ, ಅದರ ಮುಂದಿನ ಅಂಗಳ ಸೇರಿ 22 ಮೀಟರ್ ತಿಂದಿದೆ ಎಂದುಕೊಳ್ಳೋಣ. ಹಿಂದೆ ಉಳಿದದ್ದು 14.5. ಹಿಂಬದಿಯ ಬೇಲಿಯಿಂದ 3 ಮೀಟರ್ ಬಿಡಲೇಬೇಕು, ಉಳಿದದ್ದು 11.5. ಪಕ್ಕದ ಬೇಲಿಗಳಿಂದ 0.9 ಮೀಟರ್ ಸಾಕು. ಕಟ್ಟಡದ ಎತ್ತರ 3.8 ಮೀಟರ್ ದಾಟದಿದ್ದರೆ ಮಾತ್ರ ಈ ರಿಯಾಯಿತಿ. ದಾಟಿದರೆ ಬಿಡುವ ಜಾಗವೂ ಬೆಳೆಯುತ್ತ ಹೋಗುತ್ತದೆ, ಹಿಂಬದಿಯಲ್ಲಿ ಒಂದಕ್ಕೆ ಮೂರರಂತೆ. ಆದ್ದರಿಂದ ಮಹಡಿಯ ಆಸೆಯನ್ನು ಇಲ್ಲಿಗೇ ಬಿಡಿ. ಎಪ್ಪತ್ತರ ಮಂಡಿಗಳಿಗೆ ಮೆಟ್ಟಿಲು ಕಟ್ಟಿಸಿ ಯಾರನ್ನು ಉದ್ಧಾರ ಮಾಡಬೇಕಿದೆ?

ಒಳಗಿನ ಅಳತೆ 8.5ಕ್ಕೆ 7 ಮೀಟರ್ ಇಟ್ಟರೆ 59.5 ಚದರ ಮೀಟರ್. ಗೋಡೆಯ ದಪ್ಪ ಸೇರಿದರೆ ಹೊರಗಿನಿಂದ ಸುಮಾರು 8.8ಕ್ಕೆ 7.3. ಆಗ ಎರಡು ಮನೆಗಳ ನಡುವೆ 4.2 ಮೀಟರ್ ಅಂಗಳ ಉಳಿಯುತ್ತದೆ. ಒಂದೇ ನಿವೇಶನದಲ್ಲಿರುವ ಎರಡು ಮನೆಗಳ ಗೋಡೆಗಳ ನಡುವೆ 1.8 ಮೀಟರ್‌ಗಿಂತ ಕಡಿಮೆಯಾದರೆ ಬೆಂಕಿ ತಡೆಯುವ ಗೋಡೆ ಕಟ್ಟಬೇಕೆಂದು ಕಟ್ಟಡ ಸಂಹಿತೆ ಹೇಳುತ್ತದೆ. ನಿಮಗೆ ಆ ಗೊಡವೆ ಇಲ್ಲ.

ಮುಚ್ಚಿದ ಜಾಗದ ಮಿತಿ ನಿವೇಶನದ ಅರ್ಧ. ಹಳೆಯ ಮನೆ, ಗ್ಯಾರೇಜು, ಹೊಸದು ಎಲ್ಲ ಸೇರಿ 240 ಆದರೂ ತೊಂದರೆಯಿಲ್ಲ. ನಿಮ್ಮ ಅಳತೆಯ ನಿವೇಶನಕ್ಕೆ ಎಲ್ಲ ಕಟ್ಟಡಗಳ ಒಟ್ಟು ಮಹಡಿ ವಿಸ್ತೀರ್ಣ 330 ಮೀರಬಾರದು, ಅದೂ ದೂರದಲ್ಲಿದೆ. ಜನ ಸಿಕ್ಕಿಬೀಳುವುದು ಹಸಿರಿನಲ್ಲಿ. ನಿವೇಶನದ ಶೇಕಡಾ 20, ಅಂದರೆ ನಿಮಗೆ 111 ಚದರ ಮೀಟರ್, ಗಿಡ ಬೆಳೆಯುವ ನೆಲವಾಗಿರಬೇಕು, ಅದರ ಅರ್ಧ ಮನೆಯ ಮುಂಗೋಡೆಯ ಸಾಲಿನ ಹಿಂದಿರಬೇಕು. 2.5 ಮೀಟರ್‌ಗಿಂತ ಕಿರಿದಾದ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಳೆ ಕೀಳುವ ಕಾಟ ಬೇಡವೆಂದು ಹಿತ್ತಲಿಗೆಲ್ಲ ಕಾಂಕ್ರೀಟು ಬಳಿಸಿಟ್ಟ ಮನೆಗಳನ್ನು ಎಷ್ಟು ನೋಡಿಲ್ಲ! ಅಲ್ಲಿ ಮೊದಲ ಕೆಲಸ ಕಟ್ಟುವುದಲ್ಲ, ಒಡೆಯುವುದು. ನಿಮ್ಮ ಹಿಂಬದಿಯ ಮೂರು ಮೀಟರ್ ಪಟ್ಟಿಯೊಂದೇ 45 ಚದರ ಮೀಟರ್ ಹಸಿರು ಕೊಡುತ್ತದೆ. ಅಲ್ಲೊಂದು ಕರಿಬೇವು, ಒಂದೆರಡು ಸಾಲು ಮೆಂತ್ಯ ಹಾಕಿಕೊಳ್ಳಿ.

ಇಷ್ಟೆಲ್ಲ ಕಾಗದದ ಮೇಲೆ. ಈಗ ನೆಲದ ಕೆಳಗೆ.

ಕೆಲವು ವರ್ಷಗಳ ಹಿಂದೆ ಒಂದು ಹಿತ್ತಲಿನಲ್ಲಿ ಟೇಪು ಹಿಡಿದು ನಡೆಯುತ್ತಿದ್ದೆ. ಮನೆಯೊಡತಿ ನಕ್ಷೆಯನ್ನು ಆಗಲೇ ಬೇರೊಬ್ಬರಿಂದ ಬರೆಸಿ, ಅಡುಗೆಮನೆಯ ಹೆಂಚಿನ ಬಣ್ಣವನ್ನೂ ಆರಿಸಿಟ್ಟಿದ್ದರು. ಹುಲ್ಲಿನ ಮೇಲೆ ಹೆಜ್ಜೆ ಇಟ್ಟಾಗ ಒಂದು ಕಡೆ ಟಕ್ ಎಂದಿತು. ಬೂಟಿನಿಂದ ಹುಲ್ಲು ಕೆದಕಿದರೆ ತುಕ್ಕು ಹಿಡಿದ ದುಂಡು ಮುಚ್ಚಳ. ಬೀದಿಯ ಒಳಚರಂಡಿಯ ಮುಖ್ಯ ಕೊಳವೆ ಅವರ ಹಿತ್ತಲನ್ನು ಅಡ್ಡ ಹಾಯ್ದು ಹೋಗುತ್ತಿತ್ತು, ನಕ್ಷೆಯಲ್ಲಿ ಮಂಚ ಇದ್ದ ಜಾಗದಲ್ಲಿ ಸರಿಯಾಗಿ.

ಸಿಡ್ನಿಯಲ್ಲಿ ಇದು ಅಪರೂಪವಲ್ಲ. ಚರಂಡಿಯ ಕೊಳವೆಗಳು ಬೀದಿಯಲ್ಲಷ್ಟೇ ಹರಿಯುವುದಿಲ್ಲ. ಹಿಂಬದಿಯ ಬೇಲಿಗುಂಟ ಮನೆಯಿಂದ ಮನೆಗೆ ಸಾಗುತ್ತವೆ. ಕೊಳವೆಯ ಮೇಲಾಗಲಿ ತೀರ ಹತ್ತಿರವಾಗಲಿ ಪಾಯ ಹಾಕಿದರೆ ಕಟ್ಟಡದ ಭಾರ ಅದರ ಮೇಲೆ ಬೀಳುತ್ತದೆ. ಕೊಳವೆ ಆಳದಲ್ಲಿದ್ದಷ್ಟೂ ಅಕ್ಕಪಕ್ಕ ಭಾರ ಹಾಕಬಾರದ ಪಟ್ಟಿ ಅಗಲವಾಗುತ್ತದೆ. ಪರಿಹಾರವಿದೆ: ಕೊಳವೆಗೆ ಕಾಂಕ್ರೀಟಿನ ಕವಚ ಹಾಕುವುದು, ಇಲ್ಲವೇ ಅದರ ಮಟ್ಟಕ್ಕಿಂತ ಆಳಕ್ಕೆ ಕಂಬಗಳನ್ನಿಳಿಸಿ ಭಾರವನ್ನು ಕೆಳಗಿನ ಗಟ್ಟಿ ನೆಲಕ್ಕೆ ಸಾಗಿಸುವುದು. ಎರಡೂ ದುಬಾರಿ. ಮ್ಯಾನ್‌ಹೋಲಿನ ಮೇಲೆ ಮನೆಯನ್ನಂತೂ ಕೂರಿಸುವಂತಿಲ್ಲ. ಹಾಗಾಗಿ ಕಾಸು ಖರ್ಚು ಮಾಡುವ ಮೊದಲು ಎರಡು ಕಾಗದ ತರಿಸಿಕೊಳ್ಳಿ. ಒಂದು, ಸಿಡ್ನಿ ವಾಟರ್ ಕೊಡುವ ನಿಮ್ಮ ನಿವೇಶನದ ಚರಂಡಿ ನಕ್ಷೆ. ಇನ್ನೊಂದು, ಕೌನ್ಸಿಲ್ ಕೊಡುವ 10.7 ಪ್ರಮಾಣಪತ್ರ, ವಲಯ ಯಾವುದು, ನೆರೆ ಅಥವಾ ಕಾಳ್ಗಿಚ್ಚಿನ ಭಯವಿದೆಯೇ, ಸುಲಭದ ದಾರಿ ನಿಮಗೆ ತೆರೆದಿದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಕಾಳ್ಗಿಚ್ಚಿನ ಅಪಾಯ ಅತಿ ಹೆಚ್ಚಿರುವ ಜಾಗಗಳಿಗೂ ಪಾರಂಪರಿಕ ಪಟ್ಟಿಯಲ್ಲಿರುವ ಮನೆಗಳಿಗೂ ಆ ದಾರಿ ಮುಚ್ಚಿದೆ.

ಇನ್ನು ದಿಕ್ಕು. ಇಲ್ಲಿ ನಾನು ಕೆಲವರ ಕೋಪಕ್ಕೆ ಗುರಿಯಾಗುವುದು ಖಂಡಿತ. ಹಿರಿಯರ ಕೋಣೆ ನೈಋತ್ಯದಲ್ಲೇ ಇರಬೇಕೆಂದು ವಾಸ್ತುವಿನವರು ಹೇಳುತ್ತಾರೆ. ಮೈಸೂರಿನಲ್ಲಿ ಇರಲಿ, ಅಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ನಡೆಯುತ್ತಾನೆ, ಆ ಕೋಣೆ ಬೆಚ್ಚಗಿರುತ್ತದೆ. ಸಿಡ್ನಿಯಲ್ಲಿ ಸೂರ್ಯ ಉತ್ತರದ ಬಾನಿನಲ್ಲಿ ನಡೆಯುತ್ತಾನೆ. ಇಲ್ಲಿನ ನೈಋತ್ಯದ ಕೋಣೆಗೆ ಜುಲೈ ಚಳಿಯಲ್ಲಿ ಮಧ್ಯಾಹ್ನದವರೆಗೆ ಬಿಸಿಲಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಜನವರಿಯ ಸಂಜೆಯಲ್ಲಾದರೋ ಪಶ್ಚಿಮದ ಬಿಸಿಲು ನೇರ ನುಗ್ಗುತ್ತದೆ. ಎರಡೂ ಕಾಲಕ್ಕೆ ಕೆಟ್ಟ ಮೂಲೆ. ಅಲ್ಲಿ ಬಚ್ಚಲು ಮತ್ತು ಬಟ್ಟೆ ಒಗೆಯುವ ಯಂತ್ರ ಇರಲಿ. ಅಪ್ಪ-ಅಮ್ಮನ ಕೋಣೆ ಈಶಾನ್ಯಕ್ಕೆ, ಇನ್ನೊಂದು ಕೋಣೆ ಅದರ ಬೆನ್ನಿಗೆ ಆಗ್ನೇಯಕ್ಕೆ, ಕೂರುವ ಜಾಗ ಉತ್ತರದ ಕಿಟಕಿಗೆ. ನಿಮ್ಮ ಬೀದಿ ದಕ್ಷಿಣಕ್ಕಿದ್ದರೆ ಅಡುಗೆಯ ಕಟ್ಟೆ ದಕ್ಷಿಣದ ಗೋಡೆಗೆ, ಮುಂದಿನ ಮನೆಯ ಕಡೆ ನೋಡುವ ಕಿಟಕಿಯೊಂದಿಗೆ. ಮೊಮ್ಮಕ್ಕಳು ಶಾಲೆಯಿಂದ ಬಂದದ್ದು ಸಾರು ಕುದಿಸುತ್ತಿರುವವರಿಗೆ ಕಾಣಬೇಕಲ್ಲ.

ಇಡೀ ಮನೆಯನ್ನು ಪಶ್ಚಿಮದ ಬೇಲಿಗೆ ಒತ್ತಿಬಿಡಿ, 0.9 ಮೀಟರ್ ಬಿಟ್ಟು. ಬೇಲಿಯ ನೆರಳು ಆ ಗೋಡೆಯ ಮೇಲೆ ಬೀಳುತ್ತದೆ, ಅತ್ತ ಕಿಟಕಿಯ ಅಗತ್ಯವೂ ಇಲ್ಲ. ಪೂರ್ವಕ್ಕೆ 5.5 ಮೀಟರ್ ಅಗಲದ ತೆರೆದ ಜಾಗ ಸಿಗುತ್ತದೆ, ಬೆಳಗಿನ ಬಿಸಿಲಿನ ಸಮೇತ. ವಾಸದ ಕೋಣೆಯೊಂದರಿಂದ ನೇರವಾಗಿ ಹೋಗಬಹುದಾದ, 4 ಮೀಟರ್‌ಗಿಂತ ಕಿರಿದಲ್ಲದ, 24 ಚದರ ಮೀಟರಿನ ಸಮತಟ್ಟು ಅಂಗಳ ಇರಬೇಕೆಂಬುದು ನಿಯಮ. ಪೂರ್ವದಲ್ಲಿ ಮಲಗುವ ಕೋಣೆಗಳೇ ಇರುವುದರಿಂದ ಆ ಲೆಕ್ಕಕ್ಕೆ ಎರಡು ಮನೆಗಳ ನಡುವಿನ 4.2 ಮೀಟರ್ ಅಂಗಳವನ್ನು ಹಿಡಿಯಿರಿ. ಅಡುಗೆಯ ಕಡೆಯಿಂದ ಒಂದು ಬಾಗಿಲು ಅತ್ತ ಇಡಲು ಮರೆಯಬೇಡಿ.

ನಿಮ್ಮ ಬೀದಿ ದಕ್ಷಿಣಕ್ಕಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಹೊಸ ಮನೆ ಹಳೆಯ ಮನೆಯ ಉತ್ತರಕ್ಕೆ ನಿಲ್ಲುತ್ತದೆ, ಎಂದರೆ ಅದರ ಬಿಸಿಲಿಗೆ ಅಡ್ಡ. ಜೂನ್ ಕೊನೆಯ ನಡುಹಗಲಲ್ಲಿ ಸಿಡ್ನಿಯ ಸೂರ್ಯ ಸುಮಾರು 33 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. 2.7 ಮೀಟರ್ ಎತ್ತರದ ಸೂರು 4.2 ಮೀಟರ್ ನೆರಳು ಚಾಚುತ್ತದೆ. ನಮ್ಮ ಅಂಗಳ ಎಷ್ಟಿತ್ತು? ಸರಿಯಾಗಿ ಅಷ್ಟೇ. ಹಾಗಾಗಿ ಚಾವಣಿಯನ್ನು ಉತ್ತರಕ್ಕೆ ಎತ್ತರವಾಗಿಟ್ಟು ದಕ್ಷಿಣಕ್ಕೆ ಇಳಿಜಾರು ಮಾಡಿಸಿ. ಒಳಗಿನ ಎತ್ತರ ವಾಸದ ಕೋಣೆಗಳಲ್ಲಿ 2.4 ಮೀಟರ್‌ಗಿಂತ ಕಡಿಮೆಯಾಗಬಾರದು. ಆ ಅಂಚಿನಲ್ಲಿರುವ ಅಡುಗೆ ಮತ್ತು ಬಚ್ಚಲಿಗೆ 2.1 ಸಾಕು, ಆಗ್ನೇಯದ ಮಲಗುವ ಕೋಣೆಗೆ ಮಾತ್ರ 2.4 ಬೇಕು.

ಕೋಣೆಗಳ ಗಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲಗುವ ಕೋಣೆ ಎರಡಕ್ಕೆ 20 ಚದರ ಮೀಟರ್, ಬಚ್ಚಲಿಗೆ ಐದೂವರೆ, ಕೂರುವ ಜಾಗ ಮತ್ತು ಅಡುಗೆಗೆ 28, ಉಳಿದದ್ದು ಕಪಾಟು ಮತ್ತು ಗೋಡೆಗೆ. ಓಣಿ ಬೇಡ. ಎರಡನೆಯ ಕೋಣೆ ಅತಿಥಿಗಳಿಗೆಂದು ಹೇಳಿಕೊಂಡರೂ, ಅಪ್ಪನ ಗೊರಕೆ ಗೊತ್ತಿರುವವರಿಗೆ ಅದು ಯಾರದ್ದೆಂದು ಗೊತ್ತು.

ಆದರೆ ಬಾಗಿಲು ಮತ್ತು ಬಚ್ಚಲಿನ ಬಗ್ಗೆ ಜಗಳವಾಡಿಯಾದರೂ ಸರಿ, ಇವನ್ನು ಮಾಡಿಸಿ. ಮೆಟ್ಟಿಲಿಲ್ಲದ ಪ್ರವೇಶವನ್ನಾಗಲಿ ಹಿಡಿಕಂಬಿ ಹಾಕುವಷ್ಟು ಗಟ್ಟಿ ಬಚ್ಚಲ ಗೋಡೆಯನ್ನಾಗಲಿ ಹೊಸ ಮನೆಗಳಿಗೆ ಕಡ್ಡಾಯ ಮಾಡಿದ ರಾಷ್ಟ್ರೀಯ ನಿಯಮವನ್ನು ನ್ಯೂ ಸೌತ್ ವೇಲ್ಸ್ ಒಪ್ಪಿಕೊಂಡಿಲ್ಲ. ಅಂದರೆ ನೀವು ಕೇಳದಿದ್ದರೆ ಬಿಲ್ಡರ್ ಮಾಡುವುದಿಲ್ಲ. ಸ್ನಾನದ ಜಾಗಕ್ಕೆ ಹೊಸ್ತಿಲಿನಂಥ ಏರು ಬೇಡವೆಂದರೆ ನೆಲದ ಕಾಂಕ್ರೀಟು ಸುರಿಯುವ ಮುಂಚೆಯೇ ಅಲ್ಲಿ ಗುಂಡಿ ಬಿಟ್ಟಿರಬೇಕು. ಸುರಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಬಾಗಿಲು ತೆರೆದಾಗ 82 ಸೆಂಟಿಮೀಟರ್ ದಾರಿ ಸಿಗಲಿ. ಚೊಂಬಿನಲ್ಲಿ ನೀರು ಹುಯ್ದುಕೊಳ್ಳುವ ಅಮ್ಮನಿಗಾಗಿ ಮೋಟು ಎತ್ತರದಲ್ಲೊಂದು ನಲ್ಲಿ, ಪಕ್ಕದಲ್ಲಿ ನೀರು ಹೋಗುವ ಬಾಯಿ.

ಹೊರಬಾಗಿಲಿನದು ಇನ್ನೂ ತೊಡಕು. ಮನೆಯ ನೆಲ ಸಾಮಾನ್ಯವಾಗಿ ಹೊರಗಿನ ಮಣ್ಣಿಗಿಂತ 15 ಸೆಂಟಿಮೀಟರ್ ಮೇಲಿರಬೇಕು. 1ಕ್ಕೆ 14ರ ಇಳಿಜಾರಿನಲ್ಲಿ ಅಷ್ಟನ್ನು ಇಳಿಸಲು ಎರಡು ಮೀಟರ್‌ಗಿಂತ ಉದ್ದದ ದಾರಿ ಬೇಕು. ಗೋಡೆಯ ಪಕ್ಕ ನೀರು ಹೊರಕ್ಕೆ ಹರಿಯುವಂತೆ ಕಲ್ಲು ಹಾಸಿದರೆ 5 ಸೆಂಟಿಮೀಟರ್ ಸಾಕು, ಇಳಿಜಾರು ಮುಕ್ಕಾಲು ಮೀಟರ್‌ನಲ್ಲಿ ಮುಗಿಯುತ್ತದೆ. ಆದರೆ ಕಲ್ಲು ಹಾಸಿದ ಜಾಗ ಹಸಿರಿನ ಲೆಕ್ಕದಿಂದ ಹೊರಬೀಳುತ್ತದೆ. ಆ 111ರಲ್ಲಿ ಕೈಯಲ್ಲಿ ಸ್ವಲ್ಪ ಉಳಿಸಿಕೊಳ್ಳಿ ಎನ್ನುವುದು ಇದಕ್ಕೇ.

ಒಲೆಯ ಮೇಲಿನ ಹೊಗೆಯನ್ನು ಹೀರುವ ಯಂತ್ರ ಕೊಳವೆಯ ಮೂಲಕ ಹೊರಗೇ ಬಿಡಬೇಕು. ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಅಗ್ಗದ ಮಾದರಿಯನ್ನು ತಂದರೆ, ಬ್ಯಾಡಗಿ ಮೆಣಸಿನಕಾಯಿಯ ಮೊದಲ ಒಗ್ಗರಣೆಗೇ ಹೊಗೆ ಸೂಚಕ ಕಿರುಚುತ್ತದೆ.

ಅನುಮತಿಯ ಮಾತಿಗೆ ಬರೋಣ. ಮೇಲಿನ ಅಳತೆಗಳಲ್ಲಿ ಎಲ್ಲವೂ ಸರಿಹೊಂದಿದರೆ ಸರ್ಟಿಫೈಯರ್ ದಾರಿ. ನೆರೆಯವರಿಗೆ ಸೂಚನೆ ಹೋಗುತ್ತದೆ, ಅವರ ಒಪ್ಪಿಗೆ ಬೇಕಿಲ್ಲ. ಒಂದೇ ಒಂದು ಅಳತೆ ತಪ್ಪಿದರೂ ಅಲ್ಲಿ ಚೌಕಾಸಿ ನಡೆಯುವುದಿಲ್ಲ, ಕೌನ್ಸಿಲ್‌ಗೆ ಅರ್ಜಿ ಹಾಕಬೇಕು. ಅಲ್ಲಿ ತಿಂಗಳುಗಳು ಹಿಡಿಯುತ್ತವೆ, ಪಕ್ಕದ ಮನೆಯವರ ತಕರಾರನ್ನೂ ಕೇಳುತ್ತಾರೆ. ಆದರೆ ಅಳತೆಯಲ್ಲಿ ಸಡಿಲಿಕೆಗೆ ಅವಕಾಶವಿದೆ. ಸರ್ಟಿಫೈಯರನ್ನು ನೇಮಿಸಬೇಕಾದವರು ನೀವು, ಬಿಲ್ಡರ್ ಅಲ್ಲ. ನೀರು-ವಿದ್ಯುತ್ ಮಿತವ್ಯಯದ ಬೇಸಿಕ್ಸ್ ಪ್ರಮಾಣಪತ್ರ ಮೊದಲೇ ಬೇಕು. ಕೆಲಸದ ಬೆಲೆ 20,000 ಡಾಲರ್ ದಾಟಿದರೆ ಬಿಲ್ಡರ್ ಗೃಹ ವಿಮೆ ಮಾಡಿಸಿರಬೇಕು. ಮುಂಗಡ ಕೊಡುವ ಮೊದಲು ಆ ಕಾಗದ ನೋಡಿ. ಹೆಚ್ಚುವರಿ ಕಾರು ನಿಲ್ಲಿಸುವ ಜಾಗವನ್ನು ನಿಯಮ ಕೇಳುವುದಿಲ್ಲ.

ಅಪ್ಪ-ಅಮ್ಮ ಊರಿಗೆ ಹೋದಾಗ ಬಾಡಿಗೆಗೆ ಕೊಡಬಹುದೇ? ಕೊಡಬಹುದು, ಯಾರಿಗೆ ಬೇಕಾದರೂ. ಆದರೆ ಬಾಡಿಗೆ ಆದಾಯಕ್ಕೆ ತೆರಿಗೆ ಇದೆ, ಮುಂದೆ ಮನೆ ಮಾರುವಾಗ ಸ್ವಂತ ವಾಸದ ಮನೆಗೆ ಸಿಗುವ ತೆರಿಗೆ ವಿನಾಯಿತಿಯಲ್ಲೂ ಒಂದು ಪಾಲು ಕೈಬಿಡುತ್ತದೆ. ಹಿತ್ತಲಿನ ಮನೆಯನ್ನು ಪ್ರತ್ಯೇಕಿಸಿ ಮಾರುವಂತಿಲ್ಲ. ನಿವೇಶನ ಒಂದೇ, ಹಕ್ಕುಪತ್ರ ಒಂದೇ.

ಬಿಲ್ಡರನ್ನು ಕರೆಯುವ ಮುಂಚಿನ ಶನಿವಾರ ಒಂದು ಕೆಲಸ ಮಾಡಿ. ರಂಗೋಲಿ ಪುಡಿಯ ಡಬ್ಬಿ, ಟೇಪು ಹಿಡಿದು ಹಿತ್ತಲಿಗೆ ಇಳಿದು, ನಮ್ಮೂರ ಮೇಸ್ತ್ರಿ ಪಾಯಕ್ಕೆ ಗೆರೆ ಹಾಕುವ ಹಾಗೆ 8.8ಕ್ಕೆ 7.3ರ ಚೌಕ ಎಳೆಯಿರಿ. ಒಳಗೆ ಬಾಗಿಲು, ಮಂಚ, ಒಲೆ ಬರೆಯಿರಿ. ಆಮೇಲೆ ಫೋನಿನಲ್ಲಿ ಅಮ್ಮನಿಗೆ ತೋರಿಸಿ. ಒಲೆಯನ್ನು ಎತ್ತ ಸರಿಸಬೇಕೆಂದು ಅವರು ಹೇಳುತ್ತಾರೆ. ಪುಡಿಯನ್ನು ಕಾಲಲ್ಲಿ ಒರೆಸಿ ಮತ್ತೆ ಎಳೆಯುವುದಕ್ಕೆ ಇನ್ನೂ ಖರ್ಚಿಲ್ಲ.