ಹತ್ತು ಬರಗಳನ್ನು ದಾಟಿದವರು ಹನ್ನೊಂದನೆಯದಕ್ಕೆ ಏಕೆ ಬಿದ್ದರು?

ಪ್ರಶ್ನೆ: ಸಿಂಧೂ ಕಣಿವೆ, ಸುಮೇರ್, ರೋಮ್‌ನಂಥ ನಾಗರಿಕತೆಗಳು ನೂರಾರು ವರ್ಷ ಬಾಳಿ ಕೊನೆಗೆ ಏಕೆ ಬಿದ್ದವು? ಬರ ಕಾರಣವೇ, ದಾಳಿ ಕಾರಣವೇ, ಅರಸರ ದುಂದುವೆಚ್ಚ ಕಾರಣವೇ?
– ಕೋಲಾರದ ಒಬ್ಬ ಕಾಲೇಜು ವಿದ್ಯಾರ್ಥಿನಿ

ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪರೀಕ್ಷೆಯ ಉತ್ತರ ಎಲ್ಲರಿಗೂ ಗೊತ್ತು: ಬರ, ನೆರೆ, ಪರಕೀಯರ ದಾಳಿ, ದುರ್ಬಲ ಅರಸರು. ನಾಲ್ಕು ಅಂಶ ಬರೆದರೆ ನಾಲ್ಕು ಅಂಕ. ಅದರಲ್ಲಿ ಸುಳ್ಳಿಲ್ಲ. ಆದರೂ ಒಂದು ಸಂಶಯ ಉಳಿದುಬಿಡುತ್ತದೆ. ಶತಮಾನಗಟ್ಟಲೆ ಬಾಳಿದವರು ಆ ಶತಮಾನಗಳಲ್ಲಿ ಎಷ್ಟೋ ಬರಗಳನ್ನು, ಎಷ್ಟೋ ದಾಳಿಗಳನ್ನು ದಾಟಿಯೇ ಬಂದಿದ್ದರು. ಹತ್ತು ಬರಗಳಿಗೆ ಬಗ್ಗದವರು ಹನ್ನೊಂದನೆಯದಕ್ಕೆ ಏಕೆ ಬಗ್ಗಿದರು? ಹೀಗೆ ಕೇಳಿಕೊಂಡಾಗಲೆಲ್ಲ ನನಗೆ ಹರಪ್ಪಾ, ರೋಮ್‌ಗಳಿಗಿಂತ ಮೊದಲು ನೆನಪಾಗುವುದು ನಮ್ಮ ಸೀಮೆಯ ಕೆರೆಗಳು. ಉತ್ತರವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಕೋಲಾರದ ಹಳೆಯ ಹೆಸರು ಕುವಲಾಲ. ಗಂಗರ ಮೊದಲ ರಾಜಧಾನಿ ಇದೇ. ತಲಕಾಡಿಗೆ ಹೋದ ಮೇಲೂ ಅವರು ಶಾಸನಗಳಲ್ಲಿ ‘ಕುವಲಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳನ್ನು ಬಿಡಲಿಲ್ಲ. ನಂದಗಿರಿ ಎಂದರೆ ನಮ್ಮ ನಂದಿಬೆಟ್ಟ. ನಾಲ್ಕನೆಯ ಶತಮಾನದಲ್ಲಿ ತಲೆಯೆತ್ತಿದ ಈ ಮನೆತನ ಸುಮಾರು 650 ವರ್ಷ ಬಾಳಿತು. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದರು. ಕೋಲಾರ ಸೀಮೆ ನಿಗರಿಲಿಚೋಳಮಂಡಲ ಎಂಬ ಚೋಳ ಪ್ರಾಂತವಾಯಿತು. ಕೋಲಾರಮ್ಮನ ಗುಡಿಯಲ್ಲಿ ಇಂದಿಗೂ ಚೋಳರ ಕಾಲದ ತಮಿಳು ಶಾಸನಗಳಿವೆ. ಆಮೇಲೆ ಹೊಯ್ಸಳರು, ವಿಜಯನಗರ, ಪಾಳೆಯಗಾರರು, ಬಿಜಾಪುರದವರು, ಮೊಗಲರು, ಮರಾಠರು, ಹೈದರಾಲಿ, ಟಿಪ್ಪು, ಒಡೆಯರು ಬಂದರು.

ಇಷ್ಟು ಅರಸೊತ್ತಿಗೆಗಳು ಉರುಳಿದರೂ ಕೆರೆಗಳು ಉರುಳಲಿಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನದಿಗಳು ನಂದಿಬೆಟ್ಟದ ಆಸುಪಾಸಿನಲ್ಲೇ ಹುಟ್ಟಿದರೂ ನಮ್ಮಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದಿಲ್ಲ. ಬಿದ್ದ ಮಳೆಯನ್ನು ಕಟ್ಟಿ ನಿಲ್ಲಿಸಿದರೆ ಮಾತ್ರ ಬದುಕು. ಅದಕ್ಕಾಗಿ ಸಾವಿರಾರು ಕೆರೆಗಳು. ಒಂದರ ಕೋಡಿ ನೀರು ಇನ್ನೊಂದಕ್ಕೆ ಇಳಿಯುವ ಸರಪಳಿ. ಮಣ್ಣಿನ ಏರಿ ಸಾವಿರ ವರ್ಷ ತಾನಾಗಿ ನಿಲ್ಲುವುದಿಲ್ಲ. ಪ್ರತಿ ಮಳೆಗೆ ಕೊಚ್ಚುತ್ತದೆ, ಏಡಿ ತೂತು ಕೊರೆಯುತ್ತದೆ, ಇಲಿ ಬಿಲ ತೋಡುತ್ತದೆ, ತಳದಲ್ಲಿ ಹೂಳು ಏರುತ್ತದೆ. ಅದು ಪ್ರತಿ ವರ್ಷ ಒಂದಿಷ್ಟು ಬೀಳುತ್ತದೆ, ಪ್ರತಿ ವರ್ಷ ಒಂದಿಷ್ಟು ಕಟ್ಟಿಸಿಕೊಳ್ಳುತ್ತದೆ.

ಆ ಕಟ್ಟುವ ಕೆಲಸಕ್ಕೆ ಹಳಬರು ಲೆಕ್ಕ ಇಟ್ಟಿದ್ದರು. ಕೆರೆಯ ನಿರ್ಮಾಣಕ್ಕೆ, ದುರಸ್ತಿಗೆ ಬಿಟ್ಟುಕೊಡುವ ದತ್ತಿಗೆ ಶಾಸನಗಳಲ್ಲಿ ‘ಬಿತ್ತುವಟ್ಟ’ ಎನ್ನುತ್ತಾರೆ. ಕೆರೆ ಕಟ್ಟಿದವನಿಗೆ, ಕಾಪಾಡುವವನಿಗೆ ಕೊಡುವ ಜಮೀನು ‘ಕಟ್ಟುಕೊಡಗೆ’. ತೂಬು ತೆಗೆದು ಮುಚ್ಚಿ ಅಚ್ಚುಕಟ್ಟಿಗೆ ನೀರು ಹಂಚುವ ನೀರುಗಂಟಿಗೆ ಕಣದಲ್ಲಿ ಆಯ, ಅಂದರೆ ಧಾನ್ಯದ ಪಾಲು. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಕೆರೆಗೋಡು ಎಂಬ ಹೂಳುಮಣ್ಣು ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಯ ಹೂಳೂ ಹೋಯಿತು. ಅರಸ ಬದಲಾದಾಗ ಕಂದಾಯ ಕಟ್ಟುವ ಕಚೇರಿ ಬದಲಾಗುತ್ತಿತ್ತು, ಏರಿ ಕಾಯುವವನು ಬದಲಾಗುತ್ತಿರಲಿಲ್ಲ.

ಈ ಕಣ್ಣಿನಿಂದ ಮೊಹೆಂಜೊದಾರೊವನ್ನು ನೋಡಿ. ಕ್ರಿಸ್ತಪೂರ್ವ 2600ರಿಂದ 1900ರವರೆಗೆ ಸಿಂಧೂ ನಗರಗಳು ತುಂಬು ಬಾಳು ಬಾಳಿದವು. ಊರೂರಿಗೂ ಒಂದೇ ತೂಕದ ಕಲ್ಲು, ಒಂದೇ ಅಳತೆಯ ಇಟ್ಟಿಗೆ: ದಪ್ಪ ಒಂದಾದರೆ ಅಗಲ ಎರಡು, ಉದ್ದ ನಾಲ್ಕು. ಮೊಹೆಂಜೊದಾರೊ ಒಂದರಲ್ಲೇ ಸುಮಾರು 700 ಬಾವಿಗಳಿದ್ದವೆಂದು ಅಂದಾಜು. ಬೀದಿಯುದ್ದಕ್ಕೂ ಮುಚ್ಚಿದ ಚರಂಡಿ, ನಡುನಡುವೆ ಕಸ ತಂಗುವ ಗುಂಡಿಗಳು. ಎಲ್ಲರೂ ಹೊಗಳುವುದು ಆ ಚರಂಡಿಗಳನ್ನು. ನಾನು ನೆನೆಯುವುದು ಆ ಗುಂಡಿಗಳನ್ನು ಬರಿದು ಮಾಡುತ್ತಿದ್ದ ಕೈಗಳನ್ನು. ನೂರಾರು ವರ್ಷ ಯಾರೋ ಪ್ರತಿ ಬಾರಿ ಮುಚ್ಚಳ ಎತ್ತಿ ಆ ಹೊಲಸನ್ನು ತೆಗೆದಿದ್ದಾರೆ. ಊರು ನಿಂತದ್ದು ಅವರಿಂದ.

ಅದೇ ಊರಿನ ಮೇಲಿನ ಪದರಗಳಲ್ಲಿ, ಅಂದರೆ ಕೊನೆಗಾಲದಲ್ಲಿ, ಚಿತ್ರ ಬೇರೆಯಾಗುತ್ತದೆ. ದೊಡ್ಡ ಮನೆಗಳನ್ನು ಗೋಡೆಯಿಟ್ಟು ಸಣ್ಣ ಕೋಣೆಗಳಾಗಿ ಒಡೆದಿದ್ದಾರೆ. ಹಿಂದೆ ಊರಾಚೆ ಇರುತ್ತಿದ್ದ ಮಡಕೆ ಸುಡುವ ಆವಿಗೆಗಳು ಮನೆಗಳ ನಡುವೆ ಬಂದಿವೆ. ಚರಂಡಿಗಳು ಕಟ್ಟಿಕೊಂಡಿವೆ. ಕ್ರಿಸ್ತಪೂರ್ವ 2200ರ ಸುಮಾರಿನಿಂದ ಮುಂಗಾರು ಸೊರಗಿತೆಂಬುದಕ್ಕೆ ಸಾಕಷ್ಟು ಆಧಾರವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಬರ ಬಂದ ಕೂಡಲೇ ಊರು ಬೀಳಲಿಲ್ಲ. ಬರ ಬಂದ ಮೇಲೂ ತಲೆಮಾರುಗಟ್ಟಲೆ ನಿಂತಿತು, ದುರಸ್ತಿ ಸಡಿಲವಾಗುತ್ತ ಹೋಯಿತು. ಮುದ್ರೆಗಳು ನಿಂತವು, ಬರಹ ನಿಂತಿತು, ಆ ಒಂದೇ ಅಳತೆಯ ತೂಕಗಳು ನಿಂತವು. ಜನರು ಮೂಡಣಕ್ಕೆ, ಇಂದಿನ ಹರಿಯಾಣದ ಕಡೆಗೆ, ಮತ್ತು ಗುಜರಾತಿನ ಕಡೆಗೆ ಸಣ್ಣ ಹಳ್ಳಿಗಳಾಗಿ ಚದುರಿದರು. ಹೊಳೆಯ ನೆರೆಯನ್ನು ನಂಬಿದ ಗೋಧಿ, ಬಾರ್ಲಿಗಳ ಜೊತೆಗೆ ಮಳೆಯನ್ನೇ ನಂಬುವ ಸಣ್ಣ ಧಾನ್ಯಗಳನ್ನು ಹೆಚ್ಚಾಗಿ ಬಿತ್ತಿದರು. ರಾಗಿ ತಿನ್ನುವ ನಮಗೆ ಅದು ಸೋಲಿನಂತೆ ಕಾಣಬೇಕಿಲ್ಲ.

ನಿಮ್ಮ ಪ್ರಶ್ನೆಯಲ್ಲಿರುವ ‘ಬಿದ್ದವು’ ಎಂಬ ಮಾತನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ಬೀಳುವುದು ಬಹುಮಟ್ಟಿಗೆ ನಗರ, ಅರಮನೆ, ತೆರಿಗೆಯ ಏರ್ಪಾಟು. ಮಾಯಾ ಜನರ ದೊಡ್ಡ ನಗರ ಟಿಕಾಲ್‌ನಲ್ಲಿ 869ರ ನಂತರ ತೇದಿ ಕೆತ್ತಿದ ಕಲ್ಲು ಸಿಕ್ಕಿಲ್ಲ. ಆದರೆ ಮಾಯಾ ಭಾಷೆಗಳನ್ನು ಆಡುವ ಲಕ್ಷಾಂತರ ಜನ ಇಂದಿಗೂ ಗ್ವಾಟೆಮಾಲಾ, ಮೆಕ್ಸಿಕೋಗಳಲ್ಲಿ ಮುಸುಕಿನ ಜೋಳ ಬೆಳೆದು ಬಾಳುತ್ತಿದ್ದಾರೆ. ಅವರನ್ನು ‘ಕಾಣೆಯಾದ ಜನಾಂಗ’ ಎಂದು ಬರೆಯುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ದೀರ್ಘ ಬಾಳಿಕೆಯ ಗುಟ್ಟು ತಿಳಿಯಬೇಕಾದರೆ ಈಜಿಪ್ಟನ್ನೂ ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಸುಮೇರನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಹೊಳೆಯ ಮಕ್ಕಳು. ಸುಮೇರಿನಲ್ಲಿ ಯೂಫ್ರೆಟಿಸ್ ನೀರನ್ನು ಕಾಲುವೆಗಳಲ್ಲಿ ದೂರದೂರಕ್ಕೆ ಒಯ್ದರು. ಬಿಸಿಲ ನಾಡು, ಸಮತಟ್ಟಾದ ನೆಲ, ನೀರು ಬಸಿದುಹೋಗಲು ದಾರಿಯಿಲ್ಲ. ಪ್ರತಿ ಹಾಯಿಕೆಯಲ್ಲೂ ನೀರಿನ ಜೊತೆ ಒಂದು ಚಿಟಿಕೆ ಉಪ್ಪು ಬಂದು ಮಣ್ಣಿನಲ್ಲಿ ಕುಳಿತಿತು. ಹೊಲವನ್ನು ವರ್ಷ ಬಿಟ್ಟು ವರ್ಷ ಬೀಳು ಬಿಟ್ಟರೆ ಅದು ಸುಧಾರಿಸಿಕೊಳ್ಳುತ್ತಿತ್ತು. ಆದರೆ ರಾಜಧಾನಿಗೆ ಧಾನ್ಯ ಬೇಕು, ಸೈನ್ಯಕ್ಕೆ ಧಾನ್ಯ ಬೇಕು. ಗೋಧಿ ಹಿಂದೆ ಸರಿದು ಉಪ್ಪನ್ನು ತಾಳುವ ಬಾರ್ಲಿಯೇ ಮುಖ್ಯವಾಯಿತು. ಕ್ರಿಸ್ತಪೂರ್ವ 2004ರ ಸುಮಾರಿಗೆ ಮೂಡಣದ ಎಲಾಮ್ ರಾಜ್ಯದವರು ಸುಮೇರಿನ ರಾಜಧಾನಿ ಉರ್ ನಗರವನ್ನು ಸೂರೆಮಾಡಿದಾಗ ಒಳಗಿನ ಕಣಜ ಆಗಲೇ ಬರಿದಾಗಿತ್ತು.

ಈಜಿಪ್ಟಿನಲ್ಲಿ ನೈಲ್ ವರ್ಷಕ್ಕೊಮ್ಮೆ ಉಕ್ಕಿ, ಹೊಲಗಳ ಮೇಲೆ ಕಪ್ಪುಮಣ್ಣು ಹರಡಿ, ಇಳಿಯುವಾಗ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ಬದುಗಳಿಂದ ಮಡಿ ಮಾಡಿದ ನೆಲದಲ್ಲಿ ಆ ನೀರನ್ನು ಕೆಲವು ವಾರ ನಿಲ್ಲಿಸಿ ಬಿಡುತ್ತಿದ್ದರು. ಆ ಬದುಗಳನ್ನು ನೋಡಿಕೊಳ್ಳುವುದು ಆಯಾ ಸೀಮೆಯವರ ಕೆಲಸ, ದೊರೆಯ ಅಪ್ಪಣೆಗೆ ಕಾಯಬೇಕಿರಲಿಲ್ಲ. ಕ್ರಿಸ್ತಪೂರ್ವ 2180ರ ಸುಮಾರಿಗೆ ಪಿರಮಿಡ್ಡುಗಳ ಕಾಲದ ದೊರೆತನ ಕುಸಿಯಿತು, ನೈಲ್ ನೆರೆಯೂ ಸೊರಗಿತ್ತು. ಆಗ ಆಂಖ್ತಿಫಿ ಎಂಬ ಪ್ರಾಂತದ ಒಡೆಯ ತಾನು ಹಸಿದವರಿಗೆ ಅನ್ನ ಕೊಟ್ಟೆನೆಂದು ತನ್ನ ಸಮಾಧಿಯ ಗೋಡೆಯ ಮೇಲೆ ಬರೆಸಿಕೊಂಡಿದ್ದಾನೆ. ಅದರಲ್ಲಿ ಬಡಾಯಿ ಇರಬಹುದು, ಆದರೆ ಸೀಮೆಯ ಮಟ್ಟದ ಕೈಗಳು ಉಳಿದಿದ್ದವು ಎಂಬುದಂತೂ ನಿಜ. ನೂರೈವತ್ತು ವರ್ಷ ಕಳೆಯುವುದರೊಳಗೆ ಆ ನಾಡು ಮತ್ತೆ ಒಂದಾಯಿತು. ಮೇಲ್ಛಾವಣಿ ಹಾರಿಹೋದರೂ ಗೋಡೆ ನಿಂತಿತ್ತು, ಮತ್ತೆ ಹೊದಿಸಲು ಸಾಧ್ಯವಾಯಿತು. ಈಜಿಪ್ಟ್ ಮೂರು ಸಾವಿರ ವರ್ಷ ಬಾಳಿದ್ದು ಹೀಗೆ, ಬಿದ್ದು ಎದ್ದು.

ರೋಮ್ ಬಗ್ಗೆ ಎಲ್ಲರೂ 476 ಎಂಬ ಇಸವಿಯನ್ನು ಹೇಳುತ್ತಾರೆ. ಪಶ್ಚಿಮದ ಕೊನೆಯ ಚಕ್ರವರ್ತಿ ರೋಮ್ಯುಲಸ್ ಅಗಸ್ಟ್ಯುಲಸ್ ಪದಚ್ಯುತನಾದ ವರ್ಷ ಅದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಊರೂರಿನ ಪುರಪ್ರಮುಖರ ಕಥೆ. ಎರಡನೆಯ ಶತಮಾನದಲ್ಲಿ ಸಾಮ್ರಾಜ್ಯದ ಸಣ್ಣಪುಟ್ಟ ಪಟ್ಟಣಗಳ ಸಿರಿವಂತರು ತಮ್ಮ ಕೈಯಿಂದ ಹಣ ಹಾಕಿ ಸ್ನಾನಗೃಹ, ನೀರಿನ ಕಾಲುವೆ, ರಂಗಮಂದಿರಗಳನ್ನು ಕಟ್ಟಿಸಲು ಪೈಪೋಟಿ ನಡೆಸುತ್ತಿದ್ದರು. ಊರಿನ ಸಭೆಯಲ್ಲಿ ಕೂರುವುದು ಗೌರವವಾಗಿತ್ತು. ಮೂರನೆಯ ಶತಮಾನದಲ್ಲಿ ಯುದ್ಧದ ಖರ್ಚು ಏರಿತು. ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆಸುತ್ತ ಹೋಗಿ 260ರ ದಶಕದ ಕೊನೆಯ ಹೊತ್ತಿಗೆ ಅದರಲ್ಲಿ ಬೆಳ್ಳಿ ನೂರಕ್ಕೆ ಐದು ಭಾಗವೂ ಉಳಿಯಲಿಲ್ಲ. ಆಮೇಲೆ ಊರಿನ ತೆರಿಗೆ ಬಾಕಿಗೆಲ್ಲ ಆ ಸಭಾಸದರನ್ನೇ ಹೊಣೆ ಮಾಡಿದರು. ಗೌರವವಿದ್ದದ್ದು ಶಿಕ್ಷೆಯಾಯಿತು. ಅವರು ಸೈನ್ಯಕ್ಕೆ, ಸರ್ಕಾರಿ ಕೆಲಸಕ್ಕೆ, ಮಠಗಳಿಗೆ ತಪ್ಪಿಸಿಕೊಂಡು ಹೋದರು. ಅವರನ್ನು ಹಿಡಿದು ತರಲು ನಾಲ್ಕನೆಯ ಶತಮಾನದಲ್ಲಿ ಕಾನೂನಿನ ಮೇಲೆ ಕಾನೂನು ಬಂದವು. ತನ್ನೂರಿನ ಕಾಲುವೆಯನ್ನು ತಾನಾಗಿ ಸರಿಪಡಿಸುತ್ತಿದ್ದವನನ್ನು ಹಗ್ಗ ಹಾಕಿ ಹಿಡಿದುಕೊಳ್ಳಬೇಕಾದ ದಿನವೇ ಆ ನಾಡು ಬಿದ್ದಿತ್ತು ಎಂಬುದು ನನ್ನ ಎಣಿಕೆ. 439ರಲ್ಲಿ ವ್ಯಾಂಡಲರೆಂಬ ಜರ್ಮನಿಕ್ ಬುಡಕಟ್ಟಿನವರು ಉತ್ತರ ಆಫ್ರಿಕಾದ ಕಾರ್ಥೇಜ್ ನಗರವನ್ನು ಹಿಡಿದು ಆಫ್ರಿಕಾದ ಧಾನ್ಯವನ್ನೂ ತೆರಿಗೆಯನ್ನೂ ಕಸಿದುಕೊಂಡಾಗ ಪಶ್ಚಿಮಕ್ಕೆ ಚೇತರಿಸಿಕೊಳ್ಳುವ ಕಸುವು ಇರಲಿಲ್ಲ. 537ರಲ್ಲಿ ಇನ್ನೊಂದು ಜರ್ಮನಿಕ್ ಬುಡಕಟ್ಟಾದ ಗಾಥರು ಮುತ್ತಿಗೆ ಹಾಕಿ ರೋಮ್ ನಗರದ ನೀರಿನ ಕಾಲುವೆಗಳನ್ನು ಕಡಿದರು. ಹಿಂದೊಮ್ಮೆ ಸುಮಾರು ಹತ್ತು ಲಕ್ಷ ಜನರಿದ್ದ ನಗರದಲ್ಲಿ ಉಳಿದವರು ಕ್ರಮೇಣ ಟೈಬರ್ ಹೊಳೆಯ ದಡಕ್ಕೆ ಸರಿದು ಹೊಳೆಯ ನೀರನ್ನೇ ಕುಡಿದರು. ಅದೇ ಸಾಮ್ರಾಜ್ಯದ ಪೂರ್ವ ಭಾಗ ಮಾತ್ರ 1453ರವರೆಗೆ ಬಾಳಿತು.

ಕಾಂಬೋಡಿಯಾದ ಹಳೆಯ ರಾಜಧಾನಿ ಆಂಕೋರ್‌ನ ಕಥೆ ಕೆರೆ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿನ ಪಶ್ಚಿಮದ ದೊಡ್ಡ ಕೆರೆ ಎಂಟು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರಿಗೂ ಹೆಚ್ಚು ಅಗಲ. ಎಲ್ಲ ಕೆರೆಕಾಲುವೆಗಳೂ ಒಂದಕ್ಕೊಂದು ಹೆಣೆದಿದ್ದವು, ಎಲ್ಲವೂ ರಾಜಧಾನಿಯ ಅಂಕೆಯಲ್ಲಿದ್ದವು. ಹದಿನಾಲ್ಕು, ಹದಿನೈದನೆಯ ಶತಮಾನಗಳಲ್ಲಿ ದೀರ್ಘ ಬರಗಳ ಬೆನ್ನಿಗೇ ವಿಪರೀತ ಮಳೆ ಬಂದು ಕಾಲುವೆಗಳು ಕೊಚ್ಚಿಹೋದವು, ಕೆಲವು ಮರಳಿನಿಂದ ಮುಚ್ಚಿಹೋದವು. ಮೇಲಿನ ಕೆರೆ ಒಡೆದರೆ ಕೆಳಗಿನದೂ ಒಡೆಯುತ್ತದೆ ಎಂಬುದನ್ನು ಮುಳಬಾಗಿಲಿನ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಮ್ಮದು? ನೀವು ಕೇಳದಿದ್ದರೂ ಪ್ರಶ್ನೆಯ ಒಳಗೆ ಇದು ಇದೆ. ಹತ್ತು ಅರಸೊತ್ತಿಗೆಗಳ ಯುದ್ಧಗಳನ್ನು ದಾಟಿದ ಕೆರೆಗಳು ಬಡವಾದದ್ದು ಶಾಂತಿಯ ಕಾಲದಲ್ಲಿ. 1961ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ ಬಂತು. ಅದು ಬರಬೇಕಾಗಿತ್ತು, ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ಊರಿನ ಗದ್ದೆಗೆಲ್ಲ ನೀರು ಹಾಯಿಸಿದವರಿಗೆ ಬಹುಮಟ್ಟಿಗೆ ಆ ಗದ್ದೆಗಳ ಒಡೆತನವಿರಲಿಲ್ಲ. ಹುಟ್ಟಿನಿಂದ ಹೊರಿಸಿದ ಚಾಕರಿ ಅದು. ಚಾಕರಿ ತೊಲಗಿದ್ದು ನ್ಯಾಯ. ಆದರೆ ಆ ಕೆಲಸವನ್ನು ಗೌರವದ, ಸಂಬಳದ ಕೆಲಸವಾಗಿ ಯಾರೂ ಮರಳಿ ಕಟ್ಟಲಿಲ್ಲ. ಅಷ್ಟರಲ್ಲಿ ಕೊಳವೆಬಾವಿ ಬಂತು. ನೀರು ಊರಿನದಾಗಿದ್ದದ್ದು ಅವರವರ ಹೊಲದ್ದಾಯಿತು, ಸಾವಿರ ಅಡಿಗೂ ಕೆಳಗೆ ಇಳಿಯಿತು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದರ ಒಳಿತು ಕೆಡುಕಿನ ವಾದ ಬೇರೆ. ಕೆರೆಗೆ ನೀರು ಬಂತು, ಏರಿ ಕಾಯುವವರು ಬರಲಿಲ್ಲ.

2021ರ ನವೆಂಬರಿನ ಮಳೆಗೆ ನಮ್ಮ ಎಷ್ಟೋ ಕೆರೆಗಳು ವರ್ಷಗಳ ನಂತರ ಕೋಡಿ ಹರಿದವು. ಆ ದಿನಗಳಲ್ಲಿ ನಾನೊಂದು ಹಳ್ಳಿಯ ಕೆರೆಯ ಬಳಿ ಇದ್ದೆ. ಕೋಡಿಯ ಹತ್ತಿರ ಜಾತ್ರೆಯಂತೆ ಜನ, ಎಲ್ಲರ ಕೈಯಲ್ಲೂ ಮೊಬೈಲ್. ಒಬ್ಬ ಹಿರಿಯರು ಮಾತ್ರ ಏರಿಯ ಹಿಂಬದಿಯಲ್ಲಿ, ಜಾಲಿಯ ಪೊದೆಗಳ ನಡುವೆ, ಬರಿಗಾಲಿನಲ್ಲಿ ನಡೆಯುತ್ತಿದ್ದರು. ಅವರ ತಂದೆ ಆ ಕೆರೆಯ ನೀರುಗಂಟಿಯಾಗಿದ್ದರಂತೆ. “ಏನು ಹುಡುಕುತ್ತಿದ್ದೀರಿ ತಾತ?” ಎಂದು ಕೇಳಿದೆ. ಅಂಗಾಲಿಗೆ ತಣ್ಣಗೆ ತಗಲುವ ಜಾಗವನ್ನು ಎಂದರು. ತೂಬಿನಿಂದ ಇಪ್ಪತ್ತು ಹೆಜ್ಜೆ ಆಚೆ ಅದು ಸಿಕ್ಕಿತು. ಕಲಕು ನೀರು ಬೆರಳ ದಪ್ಪಕ್ಕೆ ಜಿನುಗುತ್ತಿತ್ತು. ಅವರು ಹೇಳಿದಂತೆ ಹುಡುಗರು ಕತ್ತಲಾಗುವವರೆಗೆ ಮರಳಿನ ಚೀಲ ಹೊತ್ತರು. ಏರಿ ನಿಂತಿತು. ಮರುದಿನ ಚೀಲದ ಖರ್ಚು, ಟ್ರ್ಯಾಕ್ಟರ್ ಬಾಡಿಗೆ ಎಲ್ಲವನ್ನೂ ಬರೆದುಕೊಂಡರು. ಆ ಹಿರಿಯರ ಕೂಲಿಯನ್ನು ಯಾವ ಬಾಬ್ತಿನಲ್ಲಿ ಬರೆಯಬೇಕೆಂಬುದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ.