ಕರಾವಳಿಯ ಮನೆಯಲ್ಲಿ ಫಿಲ್ಮ್ ರೀಲಿಗೆ ಎಂಥ ಡಬ್ಬಿ?

ಬಿಸ್ಕತ್ತಿನ ತಗಡಿನ ಡಬ್ಬಿಗೆ ರೀಲು ತುಂಬಿ, ಮುಚ್ಚಳದ ಸುತ್ತ ಟೇಪು ಹಚ್ಚಿ ಅಟ್ಟಕ್ಕೇರಿಸಿದರೆ ಮಳೆಗಾಲಕ್ಕೆ ಭದ್ರ ಎಂದು ಮಂಗಳೂರು, ಉಡುಪಿ ಕಡೆಯವರಿಗೆ ಅನಿಸುವುದು ಸಹಜ. ಆದರೆ ಹೊರಗಿನ ತೇವವನ್ನು ಒಳಗೆ ಬಿಡದ ಡಬ್ಬಿ ಒಳಗಿನದನ್ನೂ ಹೊರಗೆ ಬಿಡುವುದಿಲ್ಲ. ಫಿಲ್ಮು ಕೆಡುವುದು ಅಲ್ಲೇ.

ಮನೆಗಳಲ್ಲಿ ಉಳಿದಿರುವ 8 ಎಂಎಂ, ಸೂಪರ್ 8, 16 ಎಂಎಂ ಫಿಲ್ಮುಗಳು ಹೆಚ್ಚಾಗಿ ಅಸಿಟೇಟು ಎಂಬ ಪ್ಲಾಸ್ಟಿಕ್ಕಿನವು. ಸೆಖೆ, ತೇವ ಎರಡೂ ಸೇರಿದರೆ ಅಸಿಟೇಟು ಒಡೆದು ಅಸಿಟಿಕ್ ಆಮ್ಲ ಹೊರಬರುತ್ತದೆ; ಹಳೆ ರೀಲಿಗೆ ವಿನೆಗರಿನ ಹುಳಿ ವಾಸನೆ ಬರುವುದು ಇದರಿಂದ. ಅದೇ ಆಮ್ಲ ಮತ್ತಷ್ಟು ಅಸಿಟೇಟನ್ನು ಒಡೆಯುತ್ತದೆ. ಬಿಗಿಮುಚ್ಚಳದೊಳಗೆ ಆಮ್ಲ ಸೇರುತ್ತಾ ಹೋಗಿ ಫಿಲ್ಮು ಕುಗ್ಗಿ ಸೊಟ್ಟಗಾಗುತ್ತದೆ. ಆಮೇಲೆ ತೂತುಗಳು ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದಿಲ್ಲ. ತಗಡಿನ ತುಕ್ಕು ಈ ಕ್ರಿಯೆಗೆ ಇನ್ನಷ್ಟು ವೇಗ ಕೊಡುತ್ತದೆ. ಅಮೆರಿಕದ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟಿನ ಲೆಕ್ಕದಂತೆ 21 ಡಿಗ್ರಿ ಸೆಲ್ಸಿಯಸ್, ಶೇ. 50 ತೇವಾಂಶದಲ್ಲಿ ಹೊಸ ಅಸಿಟೇಟಿಗೆ ಈ ರೋಗ ಹಿಡಿಯಲು ಸುಮಾರು 40 ವರ್ಷ ಬೇಕು. ಎಸಿ ಇಲ್ಲದ ನಮ್ಮ ಮನೆಗಳಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ತೇವಾಂಶ ಶೇ. 65 ದಾಟಿದರೆ ಚಿತ್ರವಿರುವ ಜೆಲಟಿನ್ ಲೇಪದ ಮೇಲೆ ಬೂಷ್ಟು ಬೇರೆ.

ಹಾಗಾಗಿ ರೀಲು ಇಡುವ ಒಳಡಬ್ಬಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದಿರಲಿ, ಅಂಚಿನಲ್ಲಿ ಗಾಳಿಕಿಂಡಿ ಇರಲಿ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನು. 3 ಎಂದಿದ್ದರೆ ಪಿವಿಸಿ, ಅದು ಬೇಡ. ಅದರಿಂದ ಕ್ಲೋರಿನ್ ಇರುವ ಆಮ್ಲವೂ ಮೆತುಗೊಳಿಸುವ ಎಣ್ಣೆಯಂಥ ಪದಾರ್ಥವೂ ಹೊರಬರುತ್ತವೆ. ಗುರುತೇ ಇಲ್ಲದಿದ್ದರೆ, ಹೊಸ ಡಬ್ಬಿಯೇ ಆದರೂ ಘಾಟು ಹೊಡೆಯುವಂಥದ್ದನ್ನು ಕೊಳ್ಳಬೇಡಿ. ಅಳತೆಯೂ ಮುಖ್ಯ: 50 ಅಡಿಯ ಸೂಪರ್ 8 ರೀಲು 3 ಇಂಚು, 200 ಅಡಿಯದು 5 ಇಂಚು, 400 ಅಡಿಯದು 7 ಇಂಚು. ಡಬ್ಬಿ ಇದಕ್ಕಿಂತ ತುಸುವೇ ದೊಡ್ಡದಿದ್ದರೆ ಸಾಕು. ಸಡಿಲವಾಗಿ ಅಲ್ಲಾಡಿದರೆ ಅಂಚುಗಳು ಬಡಿದುಕೊಳ್ಳುತ್ತವೆ. ಹಾಕುವ ಮುಂಚೆ ರಬ್ಬರ್ ಬ್ಯಾಂಡ್, ಪತ್ರಿಕೆ ಕಾಗದ, ತುಕ್ಕು ಹಿಡಿದ ಕ್ಲಿಪ್ಪು ಎಲ್ಲ ತೆಗೆಯಿರಿ. ಕರ್ಪೂರ, ನುಸಿಗುಳಿಗೆ ಇಡಲೇಬೇಡಿ. ಹಳೆಯ ಪೊಟ್ಟಣದ ಮೇಲಿನ ಕೈಬರಹ ಎಸೆಯುವಂಥದ್ದಲ್ಲ, ಬೇರೆ ಲಕೋಟೆಯಲ್ಲಿ ಜೋಪಾನ ಮಾಡಿ. ಡಬ್ಬಿಗಳನ್ನು ಮಲಗಿಸಿ, ಐದಾರಕ್ಕಿಂತ ಹೆಚ್ಚು ಒಂದರ ಮೇಲೊಂದು ಪೇರಿಸದೆ ಇಡಿ.

ಇನ್ನು ಜನ ಎಡವುವುದು ಯಾವಾಗ ತುಂಬಬೇಕು ಎಂಬಲ್ಲಿ. ಜುಲೈಯಲ್ಲಿ ತುಂಬಿ ಬಿಗಿದರೆ ಜುಲೈಯ ತೇವವೇ ಒಳಗೆ ಉಳಿಯುತ್ತದೆ, ಏಕೆಂದರೆ ಫಿಲ್ಮು ಸುತ್ತಲಿನ ನೀರನ್ನು ಹೀರಿಕೊಂಡಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಒಣಹವೆಯ ಮಧ್ಯಾಹ್ನ ತುಂಬುವುದು ಒಳ್ಳೆಯದು. ಆಮೇಲೆ ಕಿಂಡಿಯ ಡಬ್ಬಿಗಳನ್ನೆಲ್ಲ ಮುಚ್ಚಳವಿರುವ 20 ಲೀಟರಿನ ಪಾಲಿಪ್ರೊಪಿಲೀನ್ ಪೆಟ್ಟಿಗೆಯೊಳಗಿಟ್ಟು, ಜೂನಿನಿಂದ ಸೆಪ್ಟೆಂಬರ್ ತನಕ ಮಾತ್ರ ಅದನ್ನು ಬಿಗಿಯಿರಿ. ಒಳಗೆ ಬಟ್ಟೆಚೀಲದಲ್ಲಿ, ತೇವ ಹೀರಿದಾಗ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಅರ್ಧ ಕಿಲೋ, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಹೈಗ್ರೊಮೀಟರ್. ಅದು 30 ಮತ್ತು 50ರ ನಡುವೆ ನಿಲ್ಲಬೇಕು. 50 ದಾಟಿದರೆ ಜೆಲ್ಲನ್ನು ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಬಣ್ಣ ಮರಳುವವರೆಗೆ ಕಾಯಿಸಿ, ಆರಿಸಿ ಮತ್ತೆ ಇಡಿ. 30ಕ್ಕಿಂತ ಇಳಿದರೆ ಸ್ವಲ್ಪ ಜೆಲ್ ತೆಗೆಯಿರಿ. ಅತಿಯಾಗಿ ಒಣಗಿದ ಫಿಲ್ಮು ಪೆಡಸಾಗುತ್ತದೆ.

ಜಾಗ ಆರಿಸುವುದು ಸುಲಭ: ಹಂಚಿನಡಿಯ ಅಟ್ಟ ಬೇಡ, ಮಳೆಗೆ ನೆನೆಯುವ ಹೊರಗೋಡೆಗೆ ತಾಗಿದ ಕಪಾಟೂ ಬೇಡ.

ಈ ಏರ್ಪಾಡು ಇನ್ನೂ ಹುಳಿಯದ ರೀಲುಗಳಿಗೆ ಮಾತ್ರ. ಮೂಗಿಗೆ ವಾಸನೆ ಬರುವ ಮುಂಚೆಯೇ ತಿಳಿಯಬೇಕೆಂದರೆ ಎ-ಡಿ ಸ್ಟ್ರಿಪ್ ಎಂಬ ನೀಲಿ ಕಾಗದದ ತುಂಡುಗಳಿವೆ. ಡಬ್ಬಿಯೊಳಗೆ ಒಂದನ್ನಿಟ್ಟು ಮುಚ್ಚಿ ಒಂದು ದಿನ ಬಿಟ್ಟು ನೋಡಿ: ಆಮ್ಲ ಹೆಚ್ಚಿದಷ್ಟೂ ನೀಲಿ ಹಸಿರಾಗಿ, ಹಳದಿಗೆ ತಿರುಗುತ್ತದೆ. ಹಳದಿಯತ್ತ ಹೊರಟ ರೀಲನ್ನು ಬೇರೆ ಕೋಣೆಗೆ ಸಾಗಿಸಿ, ಇಲ್ಲದಿದ್ದರೆ ಅದರ ಆವಿ ಪಕ್ಕದವಕ್ಕೂ ತಾಗುತ್ತದೆ. ಮೊದಲು ಡಿಜಿಟಲ್ ಮಾಡಿಸಬೇಕಾದ್ದೂ ಅದನ್ನೇ. ಅಷ್ಟರವರೆಗೆ ಫ್ರಿಜ್ಜಿನಲ್ಲಿಡುವುದಾದರೆ ಒಣಹವೆಯಲ್ಲಿ ಎರಡು ಜಿಪ್ ಚೀಲಗಳೊಳಗೆ ಸೇರಿಸಿ. ಹೊರತೆಗೆದಾಗ ಇಡೀ ದಿನ ಚೀಲ ಬಿಚ್ಚಬೇಡಿ, ತಣ್ಣಗಿನ ಫಿಲ್ಮಿನ ಮೇಲೆ ನಮ್ಮ ಗಾಳಿ ತಕ್ಷಣ ಬೆವರಿಳಿಸುತ್ತದೆ.