ಗುಂಪು ಮಾಡಿದ್ದು ಯಾವ ಅಳತೆಯಿಂದ?

ಪ್ರಬಂಧ ಸಲ್ಲಿಸುವ ದಿನ ಹತ್ತಿರವಾದಂತೆ ಪಿಜಿ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಹಿಡಿದು ನನ್ನ ಕೋಣೆಗೆ ಬರುತ್ತಾರೆ. "ಮೇಡಂ, ಲಾಜಿಸ್ಟಿಕ್ ರಿಗ್ರೆಷನ್ ಹಾಕಲಾ, ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಹಾಕಲಾ, ರ‍್ಯಾಂಡಮ್ ಫಾರೆಸ್ಟ್ ಹಾಕಲಾ?" ಅಳತೆಗಳನ್ನು ನೋಡಿ ಯಾರು ಯಾವ ಗುಂಪಿನವರೆಂದು ಊಹಿಸುವ ಲೆಕ್ಕದ ವಿಧಾನಗಳಿವು. ಈ ಗುಂಪುಗಳನ್ನು ಮಾಡಿದ್ದು ಯಾವ ಅಳತೆಯಿಂದ ಎಂದು ನಾನು ಕೇಳಿದರೆ ಉತ್ತರ ಬರುವುದಿಲ್ಲ.

ಕಳೆದ ವರ್ಷ ಬಂದ ಹುಡುಗಿ ಹಳ್ಳಿ ಹಳ್ಳಿ ತಿರುಗಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು ಮಾಹಿತಿ ಕೂಡಿಸಿದ್ದಳು. ಸಕ್ಕರೆ 126 ಅಥವಾ ಹೆಚ್ಚಿದ್ದವರು ಮಧುಮೇಹಿಗಳು, ಉಳಿದವರು ಅಲ್ಲ. ಆಮೇಲೆ ವಯಸ್ಸು, ಸೊಂಟದ ಸುತ್ತಳತೆ, ಬಿಪಿ ಜೊತೆಗೆ ಅದೇ ಸಕ್ಕರೆಯನ್ನೂ ಮಾಡೆಲ್‌ಗೆ ಹಾಕಿದ್ದಳು. ಫಲಿತಾಂಶ ನೂರಕ್ಕೆ ನೂರು ಸರಿ! ಅಂದಾಜು ಎಷ್ಟು ಅಲುಗಾಡುತ್ತದೆ ಎಂದು ತೋರಿಸುವ ಸ್ಟ್ಯಾಂಡರ್ಡ್ ಎರರ್ ಸಾವಿರಗಟ್ಟಲೆ ಬಂದಿತ್ತು, ಸಾಫ್ಟ್‌ವೇರ್ ಕೆಳಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು. ಅದನ್ನು ಯಾರೂ ಓದಿರಲಿಲ್ಲ.

ಸಕ್ಕರೆ ನೋಡಿ ಚೀಟಿ ಅಂಟಿಸಿದವರು ನೀವು. ಅದೇ ಸಕ್ಕರೆ ಕೊಟ್ಟು ಚೀಟಿಯಲ್ಲಿ ಏನಿದೆ ಹೇಳು ಎಂದರೆ ಕಂಪ್ಯೂಟರ್ ಹೇಳದೆ ಇರುತ್ತದೆಯೇ? ಅದು ಕಂಡುಕೊಂಡದ್ದು ರೋಗವನ್ನಲ್ಲ, ನೀವೇ ಎಳೆದ 126ರ ಗೆರೆಯನ್ನು. ವಿಧಾನ ಯಾವುದಾದರೂ ಇದೇ ಗತಿ.

ಹಾಗಾದರೆ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ಹಾಕಬಹುದೇ? ಅದು ನಿಮ್ಮ ಪ್ರಶ್ನೆ ಏನೆಂಬುದರ ಮೇಲೆ ನಿಂತಿದೆ. ಖಾಲಿ ಹೊಟ್ಟೆಯ ಪರೀಕ್ಷೆಗೆ ಅದು ಬದಲಿಯಾದೀತೇ ಎಂದು ನೋಡುವುದಾದರೆ ಹಾಕಿ. ರಕ್ತವನ್ನೇ ತೆಗೆಯದೆ ಅಪಾಯದಲ್ಲಿರುವವರನ್ನು ಗುರುತಿಸಬೇಕಾದರೆ ಅದಕ್ಕೆ ಜಾಗವಿಲ್ಲ. ಚೆನ್ನೈನಲ್ಲಿ ರೂಪುಗೊಂಡ ಭಾರತೀಯ ಮಧುಮೇಹ ಅಪಾಯ ಅಂಕ ನೋಡಿ: ವಯಸ್ಸು, ಸೊಂಟ, ದೈಹಿಕ ಚಟುವಟಿಕೆ, ಮನೆಯಲ್ಲಿ ಯಾರಿಗಾದರೂ ಇದೆಯೇ, ಇಷ್ಟೇ. ಒಟ್ಟು ಅಂಕ 60 ಮುಟ್ಟಿದರೆ ಅಥವಾ ದಾಟಿದರೆ ಅಪಾಯ ಹೆಚ್ಚು. ಅದರ ಹಿಂದಿರುವುದು ಸಾದಾ ಲಾಜಿಸ್ಟಿಕ್ ರಿಗ್ರೆಷನ್. ಅಲ್ಲಿ ರೋಗ ತೀರ್ಮಾನಿಸಿದ್ದು ರಕ್ತಪರೀಕ್ಷೆ, ಊಹಿಸುವುದು ಬೇರೆ ಅಳತೆಗಳು. ನಮ್ಮ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1948ರಲ್ಲಿ, ಹಲವು ಅಳತೆಗಳನ್ನು ನೋಡಿ ಒಬ್ಬ ವ್ಯಕ್ತಿ ಯಾವ ಗುಂಪಿನವನೆಂದು ಹೇಳುವ ಲೆಕ್ಕ ಬರೆದಾಗಲೂ ಗುಂಪುಗಳು ಮೊದಲೇ ಬೇರೆ ದಾರಿಯಿಂದ ಗೊತ್ತಿದ್ದವು.

ಗುಂಪೇ ಗೊತ್ತಿಲ್ಲ, ಹುಡುಕಬೇಕು ಎನ್ನುವವರಿಗೆ ಕ್ಲಸ್ಟರ್ ವಿಧಾನಗಳಿವೆ. ಆದರೆ ಅವುಗಳಲ್ಲೊಂದಾದ ಕೆ-ಮೀನ್ಸ್‌ಗೆ ಮೂರು ಗುಂಪು ಕೇಳಿದರೆ, ಇರಲಿ ಬಿಡಲಿ, ಮೂರು ಮಾಡಿಯೇ ಕೊಡುತ್ತದೆ.

ಯಾವ ವಿಧಾನ ಹಾಕಲಿ ಎಂಬ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಮನೆಯವರಿಗೆ ಇದೆಯೇ, ಬೀಡಿ ಸೇದುತ್ತಾರೆಯೇ ಎಂಬಂಥ ಹೌದು-ಇಲ್ಲ ಮಾಹಿತಿ ಇದ್ದರೆ ಸಾಮಾನ್ಯವಾಗಿ ಲಾಜಿಸ್ಟಿಕ್ ಹಾಕಿ ಎನ್ನುತ್ತೇನೆ. ಅಳತೆಗಳೆಲ್ಲ ಗಂಟೆಯಾಕಾರದಲ್ಲಿ ಹರಡಿದ್ದರೆ ಡಿಸ್ಕ್ರಿಮಿನೆಂಟ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ.

ಮಾಡೆಲ್‌ನಿಂದ ಸಕ್ಕರೆ ತೆಗೆದ ಮೇಲೆ ಆ ಹುಡುಗಿಯ ನೂರು ಇಳಿಯಿತು, ಮುಖವೂ ಬಾಡಿತು. ಆಗ ಇನ್ನೊಂದು ಕೇಳಿದೆ: "ಮಾತ್ರೆ ತಗೊಂಡು ಸಕ್ಕರೆ 110ಕ್ಕೆ ಇಳಿಸಿಕೊಂಡವರನ್ನ ಯಾವ ಗುಂಪಿಗೆ ಹಾಕಿದ್ದೀಯಮ್ಮ?" ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಮರುದಿನ ಬೆಳಗ್ಗೆ ಮಾಹಿತಿ ನಮೂನೆಗಳ ಕಟ್ಟು ಹೊತ್ತು ತಂದು, ಒಂದೊಂದನ್ನೇ ತೆರೆದು ಮಾತ್ರೆಯ ಕಾಲಂ ನೋಡುತ್ತಾ ನನ್ನ ಎದುರಿನ ಮೇಜಿನಲ್ಲೇ ಕೂತಳು.